ಫ್ರೆಂಚ್ ಭಾಷೆಯ ಆಶಯಾರ್ಥಕ ಅಪೂರ್ಣಭೂತ: ಹುಟ್ಟು, ಬಳಕೆ, ಅಳಿವು

೧

ಭಾಷೆಗಳ ಚರಿತ್ರೆಯನ್ನು ಬರೆಯುವವರು ವ್ಯಾಕರಣರೂಪಗಳ ಹುಟ್ಟಿಗೆ ಕೊಡುವಷ್ಟು ಗಮನವನ್ನು ಅವುಗಳ ಅಳಿವಿಗೆ ಕೊಡುವುದು ವಿರಳ. ರೂಪವೊಂದು ಮಾತಿನಿಂದ ಮರೆಯಾದ ಮೇಲೂ ಬರಹದಲ್ಲಿ ಬಹುಕಾಲ ಉಳಿದಿರುವುದುಂಟಾದ್ದರಿಂದ ಅದರ ಅಳಿವಿನ ಕಾಲವನ್ನು ಗೊತ್ತುಮಾಡುವುದು ಕಷ್ಟ. ಕಾರಣವನ್ನು ಗೊತ್ತುಮಾಡುವುದು ಇನ್ನೂ ಕಷ್ಟ. ಫ್ರೆಂಚ್ ಭಾಷೆಯಲ್ಲಿ ‘ಎಂಪಾರ್ಫೇ ದ್ಯು ಸುಬ್‌ಝೋಂಕ್ತೀಫ್’ ಎಂದು ಕರೆಯಲ್ಪಡುವ ಕ್ರಿಯಾರೂಪವು ಈ ಬಗೆಯ ಅಧ್ಯಯನಕ್ಕೆ ಉತ್ತಮವಾದ ಉದಾಹರಣೆಯಾಗಿದೆ. ಅದರ ಹುಟ್ಟಿನ ಮೂಲವು ಲ್ಯಾಟಿನ್ನಿನಲ್ಲಿ ಸ್ಪಷ್ಟವಾಗಿ ದೊರೆಯುತ್ತದೆ. ಅದರ ಬಳಕೆಗೆ ಒಂಬೈನೂರು ವರ್ಷಗಳ ಗ್ರಂಥಸಾಕ್ಷ್ಯವಿದೆ. ಅದರ ಅಳಿವಿನ ವಿಷಯದಲ್ಲಿಯಾದರೋ ಸರ್ಕಾರದ ಆಜ್ಞೆಗಳೇ ಹೊರಟಿವೆ.

ಈ ರೂಪಕ್ಕೆ ಕನ್ನಡ ವ್ಯಾಕರಣದಲ್ಲಿ ನೇರವಾದ ಹೆಸರಿಲ್ಲ. ವಿಧಿ, ನಿಷೇಧ, ಸಂಭಾವನೆ ಎಂಬ ನಮ್ಮ ಅರ್ಥವಿಭಾಗಗಳಲ್ಲಿ ಯಾವುದೊಂದರೊಡನೆಯೂ ಅದು ಪೂರ್ಣವಾಗಿ ಹೊಂದುವುದಿಲ್ಲ. ನಡೆದುದನ್ನು ನಡೆದಂತೆ ಹೇಳುವುದು ನಿಶ್ಚಯಾರ್ಥ. ನಡೆಯಲೆಂದು ಬಯಸಿದುದನ್ನು, ನಡೆಯಬಹುದೆಂದು ಶಂಕಿಸಿದುದನ್ನು, ನಡೆಯಬೇಕೆಂದು ಆಜ್ಞಾಪಿಸಿದುದನ್ನು ಹೇಳುವುದು ಫ್ರೆಂಚಿನ ‘ಸುಬ್‌ಝೋಂಕ್ತೀಫ್’. ಇದನ್ನು ನಾವು ಈ ಲೇಖನದಲ್ಲಿ ‘ಆಶಯಾರ್ಥ’ ಎಂದು ಕರೆಯುತ್ತೇವೆ. ಅದರ ಭೂತಕಾಲದ ಸರಳರೂಪವೇ ಆಶಯಾರ್ಥಕ ಅಪೂರ್ಣಭೂತ.

ಈ ಭೇದವು ಕೇವಲ ವೈಯಾಕರಣರ ವಿನೋದವಲ್ಲ ಎಂಬುದನ್ನು ಒಂದು ವಾಕ್ಯದಿಂದ ತೋರಿಸಬಹುದು. ಸೇನಾಪತಿಯೊಬ್ಬನು ಕೋಟೆಗೆ ಮುತ್ತಿಗೆ ಹಾಕಿದನೆಂದು ಹೇಳಿ, ‘ದ ಸೋರ್ತ್ ಕ’ ಎಂಬ ಸಂಬಂಧಕವನ್ನಿಟ್ಟು, ಕೋಟೆಯು ವಶವಾದ ಮಾತನ್ನು ಅದಕ್ಕೆ ಜೋಡಿಸುತ್ತೇವೆಂದು ಭಾವಿಸೋಣ. ಉಪವಾಕ್ಯದ ಕ್ರಿಯಾಪದವು ‘ಫ್ಯು’. ಇದನ್ನು ಬರಿಯ ಉಕಾರದಿಂದ ಬರೆದರೆ ‘ಮುತ್ತಿಗೆ ಹಾಕಿದನು, ಅದರಿಂದ ಕೋಟೆಯು ವಶವಾಯಿತು’ ಎಂದರ್ಥ. ಅದೇ ಉಕಾರದ ತಲೆಯ ಮೇಲೆ ಮನೆಯ ಮಾಡಿನ ಆಕಾರದ ‘ಸಿರ್ಕೋಂಫ್ಲೆಕ್ಸ್’ ಎಂಬ ಸಣ್ಣ ಚಿಹ್ನೆಯನ್ನಿಟ್ಟರೆ ‘ಕೋಟೆಯು ವಶವಾಗಲೆಂದು ಮುತ್ತಿಗೆ ಹಾಕಿದನು’ ಎಂದರ್ಥ. ಮೊದಲನೆಯದರಲ್ಲಿ ಕೋಟೆ ಬಿದ್ದುದು ನಡೆದ ಸಂಗತಿ. ಎರಡನೆಯದರಲ್ಲಿ ಅದು ಬಿದ್ದಿತೋ ಇಲ್ಲವೋ ವಾಕ್ಯವು ಹೇಳುವುದಿಲ್ಲ. ಉಚ್ಚಾರಣೆಯಲ್ಲಿ ಎರಡಕ್ಕೂ ಭೇದವಿಲ್ಲ. ಚರಿತ್ರೆಯ ವಿದ್ಯಾರ್ಥಿಗೆ ಈ ರೂಪದ ಜ್ಞಾನವು ಏಕೆ ಬೇಕೆಂಬುದಕ್ಕೆ ಇದಕ್ಕಿಂತ ಹೆಚ್ಚಿನ ಸಮರ್ಥನೆ ಬೇಕಾಗಿಲ್ಲ.

ಈ ರೂಪವು ಕಷ್ಟವಾದುದರಿಂದ ಅಳಿಯಿತೆಂಬುದು ಸಾಮಾನ್ಯವಾಗಿ ಕೇಳಿಬರುವ ಅಭಿಪ್ರಾಯ. ಅದು ನಿಲ್ಲಲಾರದೆಂದೂ, ಬೇರೊಂದು ರೂಪದ ಆಶ್ರಯದಲ್ಲಿ ಬದುಕುತ್ತಿದ್ದ ಇದು ಆ ಆಶ್ರಯವು ತಪ್ಪಿದಾಗ ಮಾತಿನಿಂದ ಜಾರಿತೆಂದೂ ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ. ಫ್ರೆಂಚ್ ಪದಗಳನ್ನು ಉಚ್ಚಾರಣೆಗೆ ಆದಷ್ಟು ಸಮೀಪವಾಗಿ ಕನ್ನಡ ಲಿಪಿಯಲ್ಲಿ ಬರೆದಿದ್ದೇವೆ. ಬರಹದಲ್ಲಿ ಮಾತ್ರ ಕಾಣುವ ಅಕ್ಷರಗಳನ್ನು ಅಲ್ಲಲ್ಲಿಯೇ ಸೂಚಿಸಿದೆ.

೨

ಮೊದಲು ರೂಪಸಿದ್ಧಿಯನ್ನು ನೋಡೋಣ. ಫ್ರೆಂಚಿನಲ್ಲಿ ಮುಗಿದುಹೋದ ಕ್ರಿಯೆಯನ್ನು ಒಂದೇ ಪದದಿಂದ ಹೇಳುವ ‘ಪಾಸೇ ಸೇಂಪ್ಲ್’ ಎಂಬ ರೂಪವಿದೆ, ಇದನ್ನು ಸರಳಭೂತವೆನ್ನೋಣ. ಇದರ ಮಧ್ಯಮಪುರುಷ ಏಕವಚನವನ್ನು ಬರಹದಲ್ಲಿ ಇರುವಂತೆ ತೆಗೆದುಕೊಂಡು, ಕೊನೆಯ ಸಕಾರದ ಮುಂದೆ ಮತ್ತೊಂದು ಸಕಾರವನ್ನೂ ಎಕಾರವನ್ನೂ ಸೇರಿಸಿದರೆ ಆಶಯಾರ್ಥಕ ಅಪೂರ್ಣಭೂತದ ಉತ್ತಮಪುರುಷ ಏಕವಚನವು ಸಿದ್ಧವಾಗುತ್ತದೆ. ‘ಶಾಂತೇ’ ಎಂದರೆ ಹಾಡು. ‘ನೀನು ಹಾಡಿದೆ’ ಎಂಬರ್ಥದ ಸರಳಭೂತವು ‘ಶಾಂತಾ’. ಅದರ ಕೊನೆಯಲ್ಲಿ ಉಚ್ಚರಿಸದ ಸಕಾರವೊಂದು ಬರಹದಲ್ಲಿದೆ. ಪ್ರತ್ಯಯವು ಸೇರಿದಾಗ ಆ ಸಕಾರವು ದ್ವಿತ್ವವಾಗಿ, ಧ್ವನಿಯನ್ನು ಪಡೆದು, ‘ಶಾಂತಾಸ್’ ಎಂದಾಗುತ್ತದೆ.

ಏಕವಚನದಲ್ಲಿ ಉತ್ತಮ, ಮಧ್ಯಮ ಪುರುಷಗಳು ‘ಶಾಂತಾಸ್’, ಪ್ರಥಮಪುರುಷ ‘ಶಾಂತಾ’. ಬಹುವಚನದಲ್ಲಿ ಕ್ರಮವಾಗಿ ‘ಶಾಂತಾಸಿಯೋಂ’, ‘ಶಾಂತಾಸಿಯೇ’, ‘ಶಾಂತಾಸ್’. ಪ್ರಥಮಪುರುಷ ಏಕವಚನವೊಂದರಲ್ಲಿ ಮಾತ್ರ ದ್ವಿತ್ವ ಸಕಾರವಿಲ್ಲ. ಅಲ್ಲಿ ಸ್ವರದ ಮೇಲೆ ಸಿರ್ಕೋಂಫ್ಲೆಕ್ಸ್ ಚಿಹ್ನೆಯೂ ಕೊನೆಯಲ್ಲಿ ಉಚ್ಚರಿಸದ ತಕಾರವೂ ಬರುತ್ತವೆ.

ಸರಳಭೂತದ ಸ್ವರಭೇದವನ್ನನುಸರಿಸಿ ಈ ರೂಪದಲ್ಲಿಯೂ ನಾಲ್ಕು ವರ್ಗಗಳಾಗುತ್ತವೆ. ‘ಶಾಂತಾಸ್’ ಎಂಬುದು ಅಕಾರವರ್ಗಕ್ಕೆ ಸೇರಿದುದು. ಮಾಡು ಎಂಬರ್ಥದ ‘ಫೇರ್’ ಧಾತುವು ‘ಫಿಸ್’ ಎಂದೂ, ತೆಗೆದುಕೊಳ್ಳು ಎಂಬರ್ಥದ ‘ಪ್ರಾಂದ್ರ್’ ಧಾತುವು ‘ಪ್ರಿಸ್’ ಎಂದೂ ಆಗುವುದು ಇಕಾರವರ್ಗ. ಇರು ಎಂಬರ್ಥದ ‘ಏತ್ರ್’ ಧಾತುವು ‘ಫ್ಯುಸ್’ ಎಂದೂ, ತಿಳಿ ಎಂಬರ್ಥದ ‘ಸಾವ್ವಾರ್’ ಧಾತುವು ‘ಸ್ಯುಸ್’ ಎಂದೂ ಆಗುವುದು ಉಕಾರವರ್ಗ. ಬರು ಎಂಬರ್ಥದ ‘ವನೀರ್’, ಹಿಡಿ ಎಂಬರ್ಥದ ‘ತನೀರ್’ ಮತ್ತು ಅವುಗಳಿಂದಾದ ಧಾತುಗಳು ‘ವ್ಯಾಂಸ್’, ‘ತ್ಯಾಂಸ್’ ಎಂದು ಅನುನಾಸಿಕವರ್ಗಕ್ಕೆ ಸೇರುತ್ತವೆ.

ಇಲ್ಲಿ ಒಂದು ಸಂಗತಿಯನ್ನು ವಿಶೇಷವಾಗಿ ಗಮನಿಸಬೇಕು. ಸರಳಭೂತವನ್ನು ಬಲ್ಲವನಿಗೆ ಈ ನಿಯಮದಲ್ಲಿ ಅಪವಾದವೇ ಇಲ್ಲ. ‘ಏತ್ರ್’ ಮತ್ತು ‘ಆವ್ವಾರ್’ ಎಂಬ ಸಹಾಯಕಧಾತುಗಳು ಕೂಡ ಇದಕ್ಕೆ ಒಳಪಟ್ಟಿವೆ. ಇದಕ್ಕೆ ಪ್ರತಿಯಾಗಿ, ಇಂದಿಗೂ ಪ್ರತಿದಿನದ ಮಾತಿನಲ್ಲಿ ಜೀವಂತವಾಗಿರುವ ವರ್ತಮಾನ ಆಶಯಾರ್ಥದಲ್ಲಿ ಅಪವಾದಗಳು ಹೇರಳವಾಗಿವೆ: ‘ಸಾವ್ವಾರ್’ ಎಂಬುದು ‘ಸಾಶ್’ ಎಂದೂ, ‘ಫೇರ್’ ಎಂಬುದು ‘ಫಾಸ್’ ಎಂದೂ, ಶಕ್ತನಾಗು ಎಂಬರ್ಥದ ‘ಪುವ್ವಾರ್’ ಎಂಬುದು ‘ಪ್ಯುಯಿಸ್’ ಎಂದೂ ಆಗುತ್ತದೆ. ಅಪವಾದಗಳಿಂದ ತುಂಬಿದ ರೂಪವು ಮಾತಿನಲ್ಲಿ ಉಳಿದು, ಅಪವಾದವಿಲ್ಲದ ರೂಪವು ಅಳಿಯಿತು. ಆದಕಾರಣ ರೂಪಸಿದ್ಧಿಯ ಕಷ್ಟವೇ ಅಳಿವಿಗೆ ಕಾರಣವೆಂಬ ವಾದವನ್ನು ಒಪ್ಪುವಂತಿಲ್ಲ.

೩

ಈಗ ಇದರ ಮೂಲವನ್ನು ವಿಚಾರಿಸೋಣ. ಲ್ಯಾಟಿನ್ನಿನಲ್ಲಿ ಹಾಡು ಎಂಬರ್ಥದ ‘ಕಂತಾರೆ’ ಧಾತುವಿಗೆ ಆಶಯಾರ್ಥದ ಅಪೂರ್ಣಭೂತವು ‘ಕಂತಾರೆಮ್’ ಎಂದಿತ್ತು. ಪೂರ್ವಭೂತವು ‘ಕಂತಾವಿಸ್ಸೆಮ್’ ಎಂದಿತ್ತು. ಹೆಸರಿನ ಸಾಮ್ಯದಿಂದ ಫ್ರೆಂಚಿನ ರೂಪವು ಮೊದಲನೆಯದರಿಂದ ಬಂದಿರಬೇಕೆಂದು ತೋರುವುದು ಸಹಜ. ವಾಸ್ತವವು ಹಾಗಿಲ್ಲ. ಆಡುಮಾತಿನ ಲ್ಯಾಟಿನ್ನಿನಲ್ಲಿ ಪದಾಂತ್ಯದ ಮಕಾರವು ಬಿದ್ದುಹೋಯಿತು. ತತ್ಫಲವಾಗಿ ‘ಕಂತಾರೆಮ್’ ಎಂಬುದು ‘ಕಂತಾರೆ’ ಎಂಬ ಭಾವರೂಪದೊಡನೆ ಬೆರೆತುಹೋಗಿ ತನ್ನ ಪ್ರತ್ಯೇಕತೆಯನ್ನು ಕಳೆದುಕೊಂಡಿತು. ಅದು ಸಾರ್ಡೀನಿಯಾ ದ್ವೀಪದಂತಹ ಕೆಲವು ಕಡೆ ಮಾತ್ರ ಉಳಿಯಿತು. ತೆರವಾದ ಸ್ಥಾನಕ್ಕೆ ಪೂರ್ವಭೂತದ ‘ಕಂತಾವಿಸ್ಸೆಮ್’ ಎಂಬುದು ‘ಕಂತಾಸ್ಸೆಮ್’ ಎಂದು ಸಂಕೋಚಗೊಂಡು ಬಂದು ನಿಂತಿತು. ಫ್ರೆಂಚಿನ ‘ಶಾಂತಾಸ್’, ಇಟಾಲಿಯನ್ನಿನ ‘ಕಂತಾಸ್ಸಿ’, ಸ್ಪ್ಯಾನಿಷಿನ ‘ಕಂತಾಸೆ’, ಪೋರ್ಚುಗೀಸಿನ ‘ಕಂತಾಸೆ’ ಇವೆಲ್ಲವೂ ಈ ಸಂಕುಚಿತ ರೂಪದ ಸಂತಾನವೇ. ರುಮೇನಿಯನ್ನಿನಲ್ಲಿ ಇದೇ ರೂಪವು ಆಶಯಾರ್ಥವನ್ನು ಬಿಟ್ಟು ನಿಶ್ಚಯಾರ್ಥದ ಪೂರ್ವಭೂತವಾಗಿ ಪರಿಣಮಿಸಿದೆ.

ಈ ವಂಶಾವಳಿಯಲ್ಲಿಯೇ ಮುಂದಿನ ಕಥೆಯ ಬೀಜವಿದೆ. ಲ್ಯಾಟಿನ್ನಿನ ‘ಕಂತಾವಿಸ್ಸೆಮ್’ ಎಂಬುದು ‘ಹಾಡಿದೆನು’ ಎಂಬರ್ಥದ ‘ಕಂತಾವಿ’ ಎಂಬ ಪೂರ್ಣಭೂತದ ಅಂಗದಿಂದಲೇ ಹುಟ್ಟಿದುದು. ಆ ‘ಕಂತಾವಿ’ಯೇ ಫ್ರೆಂಚಿನ ಸರಳಭೂತವಾಯಿತು. ಎರಡೂ ಒಂದೇ ಅಂಗದಿಂದ ಕವಲೊಡೆದುವಾದ್ದರಿಂದ, ಹಿಂದಿನ ಭಾಗದಲ್ಲಿ ಹೇಳಿದ ರೂಪಸಿದ್ಧಿಯ ನಿಯಮವು ಶಾಲೆಯ ಉಪಾಯವಲ್ಲ, ಚರಿತ್ರೆಯೇ ಬರೆದಿಟ್ಟ ಸಂಬಂಧ.

ಪ್ರಥಮಪುರುಷದ ಚಿಹ್ನೆಗೂ ಚರಿತ್ರೆಯಿದೆ. ಪ್ರಾಚೀನ ಫ್ರೆಂಚಿನಲ್ಲಿ ಆ ರೂಪವು ಸಕಾರ ತಕಾರಗಳೆರಡನ್ನೂ ಉಳಿಸಿಕೊಂಡು ‘ಶಾಂತಾಸ್ತ್’ ಎಂಬುದಕ್ಕೆ ಸಮೀಪವಾಗಿತ್ತು. ಕಾಲಕ್ರಮದಲ್ಲಿ ವ್ಯಂಜನದ ಹಿಂದಿನ ಸಕಾರವು ಮಾತಿನಲ್ಲಿ ಲೋಪವಾಯಿತು. ಇಂಗ್ಲಿಷಿನವರು ಆ ಲೋಪಕ್ಕೆ ಮೊದಲೇ ಎರವಲು ಪಡೆದ ‘ಫಾರೆಸ್ಟ್’ ಎಂಬ ಪದದಲ್ಲಿ ಸಕಾರವನ್ನು ನಾವು ಇಂದಿಗೂ ಕೇಳುತ್ತೇವೆ. ಫ್ರೆಂಚರದಾದರೋ ‘ಫೊರೇ’ ಎಂದಾಗಿದೆ. ಬರಹದಲ್ಲಿ ಮಾತ್ರ ಸಕಾರವು ಶತಮಾನಗಳ ಕಾಲ ಉಳಿದಿತ್ತು. ೧೬೩೫ರಲ್ಲಿ ಸ್ಥಾಪಿತವಾದ ಫ್ರೆಂಚ್ ಅಕಾಡೆಮಿಯು ತನ್ನ ನಿಘಂಟಿನ ೧೭೪೦ರ ಮೂರನೆಯ ಆವೃತ್ತಿಯಲ್ಲಿ ಇಂತಹ ಮೂಕ ಸಕಾರಗಳನ್ನು ದೊಡ್ಡ ಪ್ರಮಾಣದಲ್ಲಿ ತೆಗೆದುಹಾಕಿ, ಅವುಗಳ ಸ್ಥಾನದಲ್ಲಿ ಸಿರ್ಕೋಂಫ್ಲೆಕ್ಸ್ ಚಿಹ್ನೆಯನ್ನು ನೆಲೆಗೊಳಿಸಿತು. ಎಂದರೆ ‘ಫ್ಯು’ ಎಂಬುದರ ಮೇಲಿನ ಆ ಗುರುತು ಲುಪ್ತವಾದ ಸಕಾರದ ಸ್ಮಾರಕವಾಗಿದೆ.

೪

ಬಳಕೆಯ ಚರಿತ್ರೆಯಲ್ಲಿ ಎರಡು ಘಟ್ಟಗಳನ್ನು ಗುರುತಿಸಬಹುದು. ಮೊದಲನೆಯದು ಪ್ರಾಚೀನ ಫ್ರೆಂಚಿನದು. ಸುಮಾರು ೧೧೦೦ರ ‘ರೋಲಾಂನ ಗೀತೆ’ಯ ಕಾಲದ ಭಾಷೆಯಲ್ಲಿ, ನಡೆಯದ ಸಂಗತಿಯನ್ನು ಕಲ್ಪಿಸಿ ಹೇಳುವ ವಾಕ್ಯದ ಎರಡು ಭಾಗಗಳಲ್ಲಿಯೂ ಈ ರೂಪವೇ ಬರುತ್ತಿತ್ತು. ‘ಅವನು ಬಂದಿದ್ದರೆ ನಾನು ಹಾಡುತ್ತಿದ್ದೆನು’ ಎಂಬಲ್ಲಿ ‘ಬಂದಿದ್ದರೆ’ ಎಂಬುದೂ ಆಶಯಾರ್ಥ, ‘ಹಾಡುತ್ತಿದ್ದೆನು’ ಎಂಬುದೂ ಆಶಯಾರ್ಥ. ಇಂತಹ ವಾಕ್ಯಗಳು ಯಾವ ಭಾಷೆಯಲ್ಲಿಯೂ ದಿನಬಳಕೆಯವಾದ್ದರಿಂದ ಆ ಕಾಲದಲ್ಲಿ ಈ ರೂಪವು ಪಂಡಿತರ ಸೊತ್ತಾಗಿರಲಿಲ್ಲ. ಸಂತೆಯಲ್ಲಿಯೂ ಮನೆಯಲ್ಲಿಯೂ ಸಲ್ಲುತ್ತಿತ್ತು.

ಆದರೆ ಅದೇ ಕಾಲದಲ್ಲಿ ಪ್ರತಿಸ್ಪರ್ಧಿಯೊಂದು ಬೆಳೆಯುತ್ತಿತ್ತು. ಭಾವರೂಪಕ್ಕೆ ‘ಹೊಂದಿದ್ದೆನು’ ಎಂಬರ್ಥದ ಲ್ಯಾಟಿನ್ ಸಹಾಯಕಧಾತುವು ಸೇರಿ ಹುಟ್ಟಿದ ಹೊಸ ಷರತ್ತಿನ ರೂಪವು ಫಲವನ್ನು ಹೇಳುವ ಭಾಗವನ್ನು ಆಕ್ರಮಿಸಿತು. ‘ಆದರೆ’ ಎಂಬ ಭಾಗವನ್ನು ನಿಶ್ಚಯಾರ್ಥದ ಅಪೂರ್ಣಭೂತವು ಆಕ್ರಮಿಸಿತು. ಕಳೆದುಹೋದ ಕಾಲದ ಕಲ್ಪನೆಗಳಲ್ಲಿ ಮಾತ್ರ ಹಳೆಯ ಕ್ರಮವು ಹೆಚ್ಚುಕಾಲ ನಿಂತಿತು. ಕ್ಲಿಯೋಪಾತ್ರಳ ಮೂಗು ಗಿಡ್ಡವಾಗಿದ್ದರೆ ಲೋಕದ ಮುಖವೇ ಬೇರೆಯಾಗುತ್ತಿತ್ತೆಂಬ ಪಾಸ್ಕಲನ ಪ್ರಸಿದ್ಧವಾದ ಮಾತು, ೧೬೭೦ರಲ್ಲಿ ಮೊದಲು ಅಚ್ಚಾದ ಅವನ ‘ಪಾಂಸೇ’ ಎಂಬ ಚಿಂತನೆಗಳ ಸಂಗ್ರಹದಿಂದ ಪ್ರಚಾರಕ್ಕೆ ಬಂದುದು. ಅದರ ಮೊದಲ ಭಾಗದಲ್ಲಿ ಆಶಯಾರ್ಥದ ‘ಯು’ ಎಂಬ ಸಹಾಯಕರೂಪವಿದೆ. ಎರಡನೆಯ ಭಾಗದಲ್ಲಿ ಹೊಸ ಷರತ್ತಿನ ರೂಪವಿದೆ. ಒಂದೇ ವಾಕ್ಯದಲ್ಲಿ ಹಳೆಯದೂ ಹೊಸದೂ ಭುಜಕ್ಕೆ ಭುಜ ತಾಗಿಸಿ ನಿಂತಿರುವುದನ್ನು ಇಲ್ಲಿ ಕಾಣಬಹುದು.

ಎರಡನೆಯ ಘಟ್ಟವು ಹದಿನೇಳನೆಯ ಶತಮಾನದ್ದು. ವೊಜ್‌ಲಾ ೧೬೪೭ರಲ್ಲಿ ತನ್ನ ಭಾಷಾಟಿಪ್ಪಣಿಗಳನ್ನು ಪ್ರಕಟಿಸಿದನು. ೧೬೬೦ರಲ್ಲಿ ಪೋರ್‌ರ್‍ವಾಯಾಲಿನ ವ್ಯಾಕರಣವು ಹೊರಬಂದಿತು. ಭಾಷೆಗೆ ನಿಯಮಗಳನ್ನು ವಿಧಿಸುವ ಈ ಯುಗದಲ್ಲಿ ಕಾಲಾನುಸರಣೆಯೆಂಬ ಕಟ್ಟಳೆಯು ದೃಢವಾಯಿತು. ಪ್ರಧಾನಕ್ರಿಯೆಯು ವರ್ತಮಾನದಲ್ಲಿಯೋ ಭವಿಷ್ಯತ್ತಿನಲ್ಲಿಯೋ ಇದ್ದರೆ ಉಪವಾಕ್ಯದಲ್ಲಿ ವರ್ತಮಾನ ಆಶಯಾರ್ಥವೂ, ಪ್ರಧಾನಕ್ರಿಯೆಯು ಭೂತದಲ್ಲಿಯೋ ಷರತ್ತಿನ ರೂಪದಲ್ಲಿಯೋ ಇದ್ದರೆ ಉಪವಾಕ್ಯದಲ್ಲಿ ಅಪೂರ್ಣಭೂತ ಆಶಯಾರ್ಥವೂ ಬರಬೇಕೆಂಬುದು ಇದರ ಸಾರ. ‘ಅವನು ಬರಲೆಂದು ಬಯಸುತ್ತೇನೆ’ ಎಂಬಲ್ಲಿ ‘ವಿಯೆನ್’; ‘ಅವನು ಬರಲೆಂದು ಬಯಸಿದೆನು’ ಎಂಬಲ್ಲಿ ‘ವ್ಯಾಂ’.

ಕನ್ನಡದ ವಿದ್ಯಾರ್ಥಿಗೆ ಈ ಕಟ್ಟಳೆಯು ವಿಚಿತ್ರವಾಗಿ ತೋರುವುದು ಸಹಜ. ನಮ್ಮಲ್ಲಿ ‘ಬಯಸುತ್ತೇನೆ’ ಎಂದಾಗಲೂ ‘ಬಯಸಿದೆನು’ ಎಂದಾಗಲೂ ‘ಬರಲೆಂದು’ ಎಂಬುದು ಬದಲಾಗುವುದಿಲ್ಲ. ಕಾಲವನ್ನು ಪ್ರಧಾನಕ್ರಿಯೆಯೊಂದೇ ಹೇಳಿ ಮುಗಿಸುತ್ತದೆ. ಫ್ರೆಂಚಿನ ಕಟ್ಟಳೆಯಲ್ಲಿ ಒಂದೇ ಕಾಲವನ್ನು ಎರಡು ಸಲ ಹೇಳಿದಂತಾಗುತ್ತದೆ. ಇದನ್ನು ಗಮನದಲ್ಲಿಟ್ಟುಕೊಂಡರೆ ಎರಡು ಘಟ್ಟಗಳ ವ್ಯತ್ಯಾಸವು ವಿಶದವಾಗುತ್ತದೆ. ಮೊದಲ ಘಟ್ಟದಲ್ಲಿ ಈ ರೂಪಕ್ಕೆ ಸ್ವತಂತ್ರವಾದ ಅರ್ಥವಿತ್ತು: ನಡೆಯದುದು, ಕಲ್ಪಿತವಾದುದು. ಎರಡನೆಯ ಘಟ್ಟದಲ್ಲಿ ಆ ಅರ್ಥದ ಬಹುಭಾಗವನ್ನು ಬೇರೆ ರೂಪಗಳಿಗೆ ಬಿಟ್ಟುಕೊಟ್ಟು, ಪ್ರಧಾನಕ್ರಿಯೆಯ ಕಾಲವನ್ನು ಪ್ರತಿಧ್ವನಿಸುವ ಕೆಲಸಕ್ಕೆ ಇದು ನಿಂತಿತು. ವೈಯಾಕರಣರು ಇದಕ್ಕೆ ಅತ್ಯಂತ ಗೌರವದ ಸ್ಥಾನವನ್ನು ಕೊಟ್ಟ ಕಾಲವೇ ಇದರ ಅಗತ್ಯವು ಕುಗ್ಗಿದ ಕಾಲವೂ ಆಗಿತ್ತು.

೫

ಅಗತ್ಯವು ಕುಗ್ಗಿದ ಮಾತ್ರಕ್ಕೆ ರೂಪವು ಅಳಿಯಬೇಕಾಗಿಲ್ಲ. ಅನಗತ್ಯವಾದ ಎಷ್ಟೋ ರೂಪಗಳು ಭಾಷೆಗಳಲ್ಲಿ ಬಾಳುತ್ತಿವೆ. ಅಳಿವಿನ ನಿಕಟಕಾರಣವನ್ನು ಸರಳಭೂತದ ಚರಿತ್ರೆಯಲ್ಲಿ ಹುಡುಕಬೇಕೆಂದು ನಮ್ಮ ಅಭಿಪ್ರಾಯ.

ಫ್ರೆಂಚಿನಲ್ಲಿ ಭೂತಕಾಲವನ್ನು ಸಹಾಯಕಧಾತುವಿನೊಡನೆ ಹೇಳುವ ‘ಪಾಸೇ ಕೋಂಪೋಸೇ’ ಅಥವಾ ಸಂಯುಕ್ತಭೂತವೂ ಉಂಟು. ಹದಿನೇಳನೆಯ ಶತಮಾನದ ವೈಯಾಕರಣರು ಇವೆರಡಕ್ಕೂ ಗಡಿಯನ್ನು ಹಾಕಿದರು: ಇಂದೇ ನಡೆದುದಕ್ಕೆ ಸಂಯುಕ್ತಭೂತ, ಕನಿಷ್ಠ ಒಂದು ದಿನ ಹಿಂದೆ ನಡೆದುದಕ್ಕೆ ಸರಳಭೂತ. ಪೋರ್‌ರ್‍ವಾಯಾಲಿನ ವ್ಯಾಕರಣವೂ ಇದನ್ನು ಹೇಳುತ್ತದೆ. ಈ ಗಡಿಯು ಮಾತಿನಲ್ಲಿ ನಿಲ್ಲಲಿಲ್ಲ. ಸಂಯುಕ್ತಭೂತವು ಕ್ರಮವಾಗಿ ನಿನ್ನೆಯನ್ನೂ ಕಳೆದ ವರ್ಷವನ್ನೂ ಆಕ್ರಮಿಸಿ, ಕಡೆಗೆ ಪ್ಯಾರಿಸಿನ ಮಾತಿನಲ್ಲಿ ಸರಳಭೂತಕ್ಕೆ ಎಡೆಯೇ ಇಲ್ಲದಂತೆ ಮಾಡಿತು. ಭಾಷಾವಿಜ್ಞಾನಿ ಆಂತ್ವಾನ್ ಮೆಯ್ಯೇ ೧೯೦೯ರಲ್ಲಿ ಈ ಲೋಪವನ್ನೇ ವಿಷಯವಾಗಿಟ್ಟುಕೊಂಡು ಲೇಖನವೊಂದನ್ನು ಬರೆದನು.

ಸರಳಭೂತವನ್ನು ಬಾಯಲ್ಲಿ ಆಡದ ಮಗುವಿಗೆ ‘ವ್ಯಾಂಸ್’ ಎಂಬ ರೂಪವನ್ನು ಕಟ್ಟಿಕೊಳ್ಳಲು ಅಂಗವೇ ದೊರೆಯುವುದಿಲ್ಲ. ‘ವನೀರ್’ ಎಂಬುದರಿಂದಾಗಲಿ, ವರ್ತಮಾನದ ‘ವಿಯ್ಯಾಂ’ ಎಂಬುದರಿಂದಾಗಲಿ, ಅಪೂರ್ಣಭೂತದ ‘ವನೇ’ ಎಂಬುದರಿಂದಾಗಲಿ ಅದನ್ನು ಊಹಿಸಲಾಗದು. ರೂಪವು ಕಷ್ಟವಾದುದಲ್ಲ, ಅದಕ್ಕೆ ಆಧಾರವಾಗಿದ್ದ ರೂಪವು ಮಾತಿನಲ್ಲಿ ಇಲ್ಲವಾಯಿತು.

ಇದು ಕೇವಲ ಊಹೆಯಲ್ಲವೆಂಬುದನ್ನು ಸೋದರಭಾಷೆಗಳ ಹೋಲಿಕೆಯಿಂದ ಪರೀಕ್ಷಿಸಬಹುದು. ಸ್ಪ್ಯಾನಿಷಿನಲ್ಲಿಯೂ ಈ ರೂಪವು ಸರಳಭೂತದ ಅಂಗವನ್ನೇ ಅವಲಂಬಿಸಿದೆ: ಹೊಂದಿರು ಎಂಬರ್ಥದ ‘ತೆನೇರ್’ ಧಾತುವಿಗೆ ಸರಳಭೂತ ‘ತೂವೆ’, ಆಶಯಾರ್ಥ ‘ತುವಿಯೇಸೆ’. ಆದರೆ ಸ್ಪ್ಯಾನಿಷಿನಲ್ಲಿ ಸರಳಭೂತವು ದಿನಬಳಕೆಯ ರೂಪ. ಅಂತೆಯೇ ಅಲ್ಲಿ ಆಶಯಾರ್ಥದ ಅಪೂರ್ಣಭೂತವೂ ಜೀವಂತವಾಗಿದೆ. ಇಟಾಲಿಯನ್ನಿನ ಸ್ಥಿತಿಯು ಇನ್ನೂ ಬೋಧಪ್ರದವಾದುದು. ಉತ್ತರ ಇಟಲಿಯ ಮಾತಿನಲ್ಲಿ ಸರಳಭೂತವು ಪ್ಯಾರಿಸಿನಲ್ಲಿರುವಂತೆಯೇ ಬಹುಮಟ್ಟಿಗೆ ಲೋಪವಾಗಿದೆ. ಆದರೂ ಅಲ್ಲಿ ಆಶಯಾರ್ಥದ ಅಪೂರ್ಣಭೂತವು ಅಳಿದಿಲ್ಲ. ಕಾರಣವೇನೆಂದರೆ, ಇಟಾಲಿಯನ್ನಿನಲ್ಲಿ ಅದು ಸರಳಭೂತದ ಅಂಗವನ್ನು ಬಹುಪಾಲು ಧಾತುಗಳಲ್ಲಿ ಬಿಟ್ಟುಕೊಟ್ಟಿದೆ. ಹೇಳು ಎಂಬರ್ಥದ ‘ದೀರೆ’ ಧಾತುವಿಗೆ ಸರಳಭೂತ ‘ದಿಸ್ಸಿ’. ಆಶಯಾರ್ಥವು ಅದರಿಂದ ಹುಟ್ಟದೆ, ‘ದಿಚೇವೋ’ ಎಂಬ ನಿಶ್ಚಯಾರ್ಥದ ಅಪೂರ್ಣಭೂತಕ್ಕೆ ಹೊಂದಿಕೊಂಡು ‘ದಿಚೆಸ್ಸಿ’ ಎಂದಾಗಿದೆ. ಮಾಡು ಎಂಬರ್ಥದ ‘ಫಾರೆ’ ಧಾತುವಿಗೆ ‘ಫೇಚಿ’ ಎಂಬುದು ಸರಳಭೂತ. ‘ಫಾಚೇವೋ’ ಎಂಬುದಕ್ಕೆ ಸರಿಯಾಗಿ ಆಶಯಾರ್ಥವು ‘ಫಾಚೆಸ್ಸಿ’. ಅಲ್ಲದೆ ‘ಅವನು ಬಂದರೆ’ ಎಂಬಂತಹ ಕಲ್ಪಿತವಾಕ್ಯಗಳಲ್ಲಿ ಇಟಾಲಿಯನ್ನು ಇಂದಿಗೂ ಇದನ್ನು ಬಳಸುತ್ತದೆ. ಫ್ರೆಂಚು ಆ ಬಳಕೆಯನ್ನು ಮಧ್ಯಯುಗದಿಂದಲೇ ಕಳೆದುಕೊಳ್ಳತೊಡಗಿತ್ತು.

ಹೀಗೆ ಮೂರು ಭಾಷೆಗಳು ಮೂರು ಫಲಗಳನ್ನು ತೋರಿಸುತ್ತವೆ. ಆಶ್ರಯವು ಉಳಿದಲ್ಲಿ ಆಶ್ರಿತವೂ ಉಳಿಯಿತು. ಆಶ್ರಯವು ಅಳಿದರೂ ಆಶ್ರಿತವು ಬೇರೆ ಆಧಾರವನ್ನು ಹಿಡಿದಿದ್ದಲ್ಲಿ ಅದು ಬದುಕಿತು. ಆಶ್ರಯವು ಅಳಿದು ಬೇರೆ ಆಧಾರವೂ ಇಲ್ಲದ ಫ್ರೆಂಚಿನಲ್ಲಿ ಮಾತ್ರ ಅದು ಮಾತಿನಿಂದ ಅಳಿಯಿತು.

ಇದಕ್ಕೆ ಸಹಕಾರಿಯಾದ ಕಾರಣಗಳೂ ಇವೆ. ಮುಗಿಸು ಎಂಬರ್ಥದ ‘ಫಿನೀರ್’ ಮೊದಲಾದ ಧಾತುಗಳಲ್ಲಿ ವರ್ತಮಾನ ಆಶಯಾರ್ಥಕ್ಕೂ ಅಪೂರ್ಣಭೂತ ಆಶಯಾರ್ಥಕ್ಕೂ ಪ್ರಥಮಪುರುಷ ಏಕವಚನವೊಂದನ್ನುಳಿದು ಭೇದವೇ ಇಲ್ಲ, ಎರಡೂ ‘ಫಿನೀಸ್’. ಶಾಂತಾಸಿಯೋಂ ಎಂಬಂತಹ ಬಹುವಚನರೂಪಗಳು ಕಿವಿಗೆ ಭಾರವಾದುವು. ‘ಸ್ಯುಸ್’ ಎಂಬುದು ಹೀರು ಎಂಬರ್ಥದ ಬೇರೊಂದು ಕ್ರಿಯೆಯೊಡನೆ ಉಚ್ಚಾರಣೆಯಲ್ಲಿ ಒಂದಾಗಿ ನಗೆಗೆ ಎಡೆಮಾಡಿತು. ಹಾಸ್ಯಲೇಖಕ ಆಲ್ಫೋನ್ಸ್ ಆಲೇ (೧೮೫೪–೧೯೦೫) ಪ್ರಣಯನಿವೇದನೆಯೊಂದರಲ್ಲಿ ಇಂತಹ ರೂಪಗಳನ್ನು ಸಾಲುಸಾಲಾಗಿ ಪೋಣಿಸಿ ವಿನೋದಪದ್ಯವನ್ನೇ ರಚಿಸಿದನು. ಇಲ್ಲಿ ಕಾರ್ಯಕಾರಣಗಳನ್ನು ಹಿಂದುಮುಂದು ಮಾಡಬಾರದು. ದಿನಬಳಕೆಯ ರೂಪವು ಎಷ್ಟೇ ಭಾರವಾಗಿದ್ದರೂ ಯಾರೂ ನಗುವುದಿಲ್ಲ. ಬಳಕೆ ತಪ್ಪಿದ ಮೇಲೆಯೇ ನಗೆಯು ಹುಟ್ಟುತ್ತದೆ. ಪರಿಹಾಸವು ಅಳಿವಿನ ಲಕ್ಷಣವಾಗಿತ್ತು, ಮೂಲವಾಗಿರಲಿಲ್ಲ.

೬

ಸರ್ಕಾರದ ಆಜ್ಞೆಗಳನ್ನೂ ಈ ಬೆಳಕಿನಲ್ಲಿಯೇ ನೋಡಬೇಕು. ಫ್ರಾನ್ಸಿನ ಶಿಕ್ಷಣಮಂತ್ರಿ ಝಾರ್ಝ್ ಲೇಗ್ ೧೯೦೦ರ ಜುಲೈ ೩೧ರಂದು, ಪರೀಕ್ಷೆಗಳಲ್ಲಿ ತಪ್ಪೆಂದು ಎಣಿಸಬಾರದ ವ್ಯಾಕರಣಪ್ರಯೋಗಗಳ ಪಟ್ಟಿಯನ್ನು ಹೊರಡಿಸಿದನು. ಅಕಾಡೆಮಿಯ ಆಕ್ಷೇಪಣೆಯಿಂದ ಅದನ್ನು ಮೊಟಕುಗೊಳಿಸಿ ೧೯೦೧ರ ಫೆಬ್ರವರಿ ೨೬ರಂದು ಮತ್ತೆ ಪ್ರಕಟಿಸಬೇಕಾಯಿತು. ಪ್ರಧಾನಕ್ರಿಯೆಯು ಷರತ್ತಿನ ವರ್ತಮಾನದಲ್ಲಿದ್ದಾಗ ಉಪವಾಕ್ಯದಲ್ಲಿ ಅಪೂರ್ಣಭೂತ ಆಶಯಾರ್ಥಕ್ಕೆ ಬದಲು ವರ್ತಮಾನ ಆಶಯಾರ್ಥವನ್ನು ಬರೆದರೆ ಸಹಿಸಬೇಕೆಂದು ಅದರಲ್ಲಿದೆ. ಪ್ರಧಾನಕ್ರಿಯೆಯು ಭೂತಕಾಲದಲ್ಲಿದ್ದಾಗಲೂ ಈ ಸಡಿಲಿಕೆಯು ದೊರೆಯಲು ಮುಕ್ಕಾಲು ಶತಮಾನವೇ ಹಿಡಿಯಿತು. ರೆನೇ ಆಬಿಯು ಶಿಕ್ಷಣಮಂತ್ರಿಯಾಗಿದ್ದಾಗ ೧೯೭೬ರ ಡಿಸೆಂಬರ್ ೨೮ರಂದು ಹೊರಟ ಆಜ್ಞೆಯು ಅದನ್ನು ಅನುಮತಿಸಿತು. ಎರಡು ಆಜ್ಞೆಗಳೂ ಈ ರೂಪವನ್ನು ನಿಷೇಧಿಸಲಿಲ್ಲ. ಮಾತಿನಲ್ಲಿ ಆಗಲೇ ನಡೆದುಹೋಗಿದ್ದುದನ್ನು ಪರೀಕ್ಷಕರು ಮನ್ನಿಸುವಂತೆ ಮಾಡಿದುವು, ಅಷ್ಟೆ.

ಸಾಹಿತ್ಯವು ಮಾತ್ರ ಈ ರೂಪವನ್ನು ಸುಲಭವಾಗಿ ಬಿಟ್ಟುಕೊಡಲಿಲ್ಲ. ಪ್ರೂಸ್ತನ ಕಾದಂಬರಿಗಳಲ್ಲಿ ಇದು ಹೇರಳವಾಗಿದೆ. ಆಲ್ಬೇರ್ ಕಾಮುವಿನ ಎರಡು ಕೃತಿಗಳನ್ನು ಹೋಲಿಸುವುದು ಇಲ್ಲಿ ಉಪಯುಕ್ತ. ೧೯೪೨ರ ‘ಲೆತ್ರಾಂಝೇ’ ಕಾದಂಬರಿಯ ನಿರೂಪಣೆಯು ಬಹುತೇಕ ಸಂಯುಕ್ತಭೂತದಲ್ಲಿ, ಆಡುಮಾತಿಗೆ ಹತ್ತಿರವಾಗಿ ಸಾಗುತ್ತದೆ. ೧೯೫೬ರ ‘ಲಾ ಶ್ಯುತ್’ ಎಂಬ ಕೃತಿಯಲ್ಲಿಯಾದರೋ ಮಾತನಾಡುವ ವಕೀಲನು ಆಶಯಾರ್ಥದ ಅಪೂರ್ಣಭೂತವನ್ನು ಬಳಸಿ, ಕೇಳುವವನು ಅದಕ್ಕೆ ಬೆಚ್ಚಿದುದನ್ನು ಕಂಡು, ಅದರ ಮೇಲೆ ತನಗೆ ದೌರ್ಬಲ್ಯವಿದೆಯೆಂದು ಒಪ್ಪಿಕೊಳ್ಳುತ್ತಾನೆ. ಒಂದು ಕಾಲದಲ್ಲಿ ಸಂತೆಯಲ್ಲಿ ಸಲ್ಲುತ್ತಿದ್ದ ರೂಪವು ಈಗ ಆಡುವವನ ಅಂತಸ್ತನ್ನೂ ಒಯ್ಯಾರವನ್ನೂ ಸೂಚಿಸುವ ರೂಪವಾಗಿದೆ. ಇಂದಿನ ಬರಹದಲ್ಲಿ ಇದು ಕಾಣುವುದು ಹೆಚ್ಚಾಗಿ ಪ್ರಥಮಪುರುಷ ಏಕವಚನದಲ್ಲಿ, ಅದರಲ್ಲಿಯೂ ‘ಫ್ಯು’, ‘ಯು’ ಎಂಬ ಸಹಾಯಕರೂಪಗಳಲ್ಲಿ. ‘ದೈವವು ಮೆಚ್ಚಲಿ’ ಎಂಬರ್ಥದ ‘ಪ್ಲ್ಯು ಆ ದ್ಯೋ’, ‘ಅಷ್ಟಾದರೂ ಆಗಲಿ’ ಎಂಬಂತಹ ಅರ್ಥದ ‘ನ ಫ್ಯುಸ್ ಕ’ ಮೊದಲಾದ ನುಡಿಗಟ್ಟುಗಳಲ್ಲಿಯೂ ಅದು ಹೆಪ್ಪುಗಟ್ಟಿ ಉಳಿದಿದೆ.

ನಮ್ಮ ಶಾಸ್ತ್ರಪರಂಪರೆಯನ್ನು ಬಲ್ಲವರಿಗೆ ಇಂತಹ ಸ್ಥಿತಿಯು ಹೊಸದಲ್ಲ. ವೇದಭಾಷೆಯ ‘ಲೇಟ್’ ಲಕಾರವು ಆಶಯಾರ್ಥಕ್ಕೆ ಸಮೀಪವಾದುದು. ಪಾಣಿನಿಯು ಅದನ್ನು ಛಂದಸ್ಸಿಗೆ ಮಾತ್ರ ವಿಧಿಸ��ದ್ದಾನೆ. ಲೌಕಿಕ ಸಂಸ್ಕೃತದಲ್ಲಿ ಅದು ಬಳಕೆ ತಪ್ಪಿತು. ಆದರೂ ವೇದವನ್ನು ಅರ್ಥಮಾಡಿಕೊಳ್ಳಬೇಕಾದವನು ಲೇಟ್ ಲಕಾರವನ್ನು ಕಲಿಯದೆ ವಿಧಿಯಿಲ್ಲ.

೭

ಲೇಟ್ ಲಕಾರದ ನಿದರ್ಶನವು ನಮ್ಮನ್ನು ಮೊದಲ ಭಾಗದ ಪ್ರಶ್ನೆಗೆ ತರುತ್ತದೆ: ಮಾತಿನಲ್ಲಿ ಇಲ್ಲದ ಫ್ರೆಂಚ್ ರೂಪವನ್ನು ನಮ್ಮ ವಿದ್ಯಾರ್ಥಿಗಳು ಕಲಿಯಬೇಕೆ? ಮಾತನಾಡುವುದಕ್ಕೆ ಬೇಡ, ಓದುವುದಕ್ಕೆ ಬೇಕು.

ಕರ್ನಾಟಕದ ಚರಿತ್ರೆಯಲ್ಲಿ ಕೆಲಸ ಮಾಡುವವರಿಗಂತೂ ಇದು ಅನಿವಾರ್ಯ. ಹೈದರಾಲಿ ಮತ್ತು ಟಿಪ್ಪು ಸುಲ್ತಾನರ ಕಾಲದ ಮೈಸೂರಿಗೂ ಫ್ರೆಂಚರಿಗೂ ಇದ್ದ ಸಂಬಂಧವು ಸುಪರಿಚಿತ. ೧೭೮೨ರಲ್ಲಿ ನೌಕಾಧಿಪತಿ ಸುಫ್ರೇಂ ಹೈದರನನ್ನು ಭೇಟಿಯಾದನು; ೧೭೮೩ರಲ್ಲಿ ಹೈದರನ ಸೈನ್ಯದಲ್ಲಿದ್ದ ಮೇತ್ರ್ ದ ಲಾ ತೂರ್ ಬರೆದ ಹೈದರನ ಚರಿತ್ರೆಯು ಫ್ರೆಂಚಿನಲ್ಲಿ ಪ್ರಕಟವಾಯಿತು; ೧೭೮೮ರಲ್ಲಿ ಟಿಪ್ಪುವಿನ ರಾಯಭಾರಿಗಳು ಹದಿನಾರನೆಯ ಲೂಯಿಯ ಆಸ್ಥಾನಕ್ಕೆ ಹೋದರು. ಈ ಕಾಲದ ಫ್ರೆಂಚ್ ಬರಹವೆಲ್ಲ ಕಾಲಾನುಸರಣೆಯ ಕಟ್ಟಳೆಯು ಪೂರ್ಣವಾಗಿ ಆಳುತ್ತಿದ್ದ ಯುಗದ್ದು. ಆಜ್ಞೆ, ಬೇಡಿಕೆ, ಭಯ, ಉದ್ದೇಶ ಇವೇ ಸೇನಾಪತಿಗಳ ಮತ್ತು ರಾಯಭಾರಿಗಳ ಪತ್ರಗಳ ವಸ್ತುವಾದ್ದರಿಂದ ಅಲ್ಲಿ ಆಶಯಾರ್ಥದ ಅಪೂರ್ಣಭೂತವು ಹೆಜ್ಜೆಹೆಜ್ಜೆಗೂ ಎದುರಾಗುತ್ತದೆ.

ತೊಡಕೇನೆಂದರೆ, ಹದಿನೆಂಟನೆಯ ಶತಮಾನದ ಕೈಬರಹಗಳಲ್ಲಿ ಸ್ವರಚಿಹ್ನೆಗಳನ್ನು ಇಡದೆ ಬಿಡುವುದು ಸಾಮಾನ್ಯವಾಗಿತ್ತು. ಅಕಾರವರ್ಗದ ಧಾತುಗಳಲ್ಲಿ ಚಿಹ್ನೆಯಿಲ್ಲದಿದ್ದರೂ ಕೊನೆಯ ತಕಾರವು ಓದುಗನನ್ನು ಎಚ್ಚರಿಸುತ್ತದೆ. ಏಕೆಂದರೆ ಆ ವರ್ಗದ ಸರಳಭೂತಕ್ಕೆ ತಕಾರವಿಲ್ಲ. ಆದರೆ ‘ಫ್ಯು’, ‘ಪ್ರಿ’, ‘ವ್ಯಾಂ’ ಮೊದಲಾದ ಇತರ ವರ್ಗಗಳಲ್ಲಿ ಎರಡು ರೂಪಗಳಿಗೂ ತಕಾರವಿರುವುದರಿಂದ ಚಿಹ್ನೆಯೊಂದೇ ಗುರುತು. ಅದೂ ಇಲ್ಲದಾಗ ವಾಕ್ಯದ ಸಂಬಂಧಕವನ್ನೂ ಪ್ರಧಾನಕ್ರಿಯೆಯ ಅರ್ಥವನ್ನೂ ಹಿಂದುಮುಂದಿನ ಸಂದರ್ಭವನ್ನೂ ನೋಡಿ ನಿರ್ಣಯಿಸಬೇಕಾಗುತ್ತದೆ. ‘ಕೋಟೆಯನ್ನು ಹಿಡಿಯಬೇಕೆಂದು ಆಜ್ಞಾಪಿಸಿದನು’ ಎಂಬ ವಾಕ್ಯದಿಂದ ಕೋಟೆಯನ್ನು ಹಿಡಿದರೆಂಬ ಸಂಗತಿಯನ್ನು ಹೊರಡಿಸುವ ಅಪಾಯವು, ಈ ರೂಪವನ್ನು ಅರಿಯದವನ ಮುಂದೆ ಸದಾ ಇರುತ್ತದೆ.

೧೯೯೦ರಲ್ಲಿ ಫ್ರಾನ್ಸಿನಲ್ಲಿ ಕಾಗುಣಿತದ ಸುಧಾರಣೆಗಳನ್ನು ಸೂಚಿಸಿದಾಗ ಇಕಾರ ಉಕಾರಗಳ ಮೇಲಿನ ಸಿರ್ಕೋಂಫ್ಲೆಕ್ಸ್ ಚಿಹ್ನೆಯನ್ನು ಬಹುಪಾಲು ಪದಗಳಲ್ಲಿ ಬಿಡಬಹುದೆಂದು ಹೇಳಲಾಯಿತು. ಉಳಿಸಿಕೊಂಡ ಕೆಲವೇ ಎಡೆಗಳಲ್ಲಿ ಆಶಯಾರ್ಥದ ಪ್ರಥಮಪುರುಷ ಏಕವಚನವೂ ಒಂದು. ಮಾತಿನಿಂದ ಅಳಿದ ರೂಪಕ್ಕೆ ಬರಹದಲ್ಲಿ ಈ ರಕ್ಷಣೆಯು ದೊರೆತುದು ಗಮನಾರ್ಹವಾದುದು.

ಆದ್ದರಿಂದ ಫ್ರೆಂಚ್ ಬೋಧಿಸುವ ಅಧ್ಯಾಪಕರಲ್ಲಿ ನಮ್ಮ ಸೂಚನೆಯು ಇಷ್ಟು. ಆರು ರೂಪಗಳನ್ನೂ ಎಲ್ಲ ಧಾತುಗಳಲ್ಲಿಯೂ ಬಾಯಿಪಾಠ ಮಾಡಿಸುವುದರಿಂದ ಪ್ರಯೋಜನವು ಸ್ವಲ್ಪವೇ. ಸರಳಭೂತವನ್ನು ಮೊದಲು ಚೆನ್ನಾಗಿ ಕಲಿಸಿ, ಅದರ ಪಕ್ಕದಲ್ಲಿಯೇ ಆಶಯಾರ್ಥದ ಪ್ರಥಮಪುರುಷ ಏಕವಚನವನ್ನು ಇಟ್ಟು ತೋರಿಸಬೇಕು. ಚರಿತ್ರೆಯಲ್ಲಿ ಒಂದೇ ಅಂಗದಿಂದ ಹುಟ್ಟಿದ ಎರಡನ್ನು ಪಾಠದಲ್ಲಿಯೂ ಅಗಲಿಸಬಾರದು. ಬಳಿಕ ಯಾವ ಕ್ರಿಯೆಗಳೂ ಯಾವ ಸಂಬಂಧಕಗಳೂ ಆಶಯಾರ್ಥವನ್ನು ಬೇಡುತ್ತವೆಂಬುದನ್ನು ಹಳೆಯ ಗದ್ಯದ ವಾಕ್ಯಗಳ ಮೂಲಕ ಗುರುತಿಸುವ ಅಭ್ಯಾಸವನ್ನು ಮಾಡಿಸಬೇಕು. ಓದುವ ವಿದ್ಯಾರ್ಥಿಯು ಪ್ರತಿಯೊಂದು ‘ಫ್ಯು’ ಎದುರಾದಾಗಲೂ ನಿಂತು, ಇದು ನಡೆದುದೋ ಅಥವಾ ನಡೆಯಲೆಂದು ಬಯಸಿದುದೋ ಎಂದು ಕೇಳಿಕೊಳ್ಳುವಂತಾದರೆ ಈ ಪಾಠದ ಉದ್ದೇಶವು ಸಾರ್ಥಕವಾದಂತೆ.